ಮಾಲತಿ ಹೊಳ್ಳ: ಕುಳಿತು ಗೆದ್ದ ಓಟ

ಲಾಲ್‌ಬಾಗಿನ ಕಡೆಯಿಂದ ದಕ್ಷಿಣಕ್ಕೆ ಬರುವವರನ್ನು ಜಯನಗರದ ಬಾಗಿಲಲ್ಲಿ ಎದುರುಗೊಳ್ಳುವುದು ಒಂದು ಅಶೋಕಸ್ತಂಭ. 1948ರ ಆಗಸ್ಟ್ ತಿಂಗಳಲ್ಲಿ, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಈ ಬಡಾವಣೆಗೆ ಅಡಿಗಲ್ಲನ್ನಿಟ್ಟರು. ನೇರವಾದ ಅಗಲ ಬೀದಿಗಳು, ಬೀದಿಯ ಇಕ್ಕೆಲದಲ್ಲಿ ಮರಗಳು, ಮರಗಳ ಬುಡದಲ್ಲಿ ಕಾಲುದಾರಿ, ನಡುನಡುವೆ ಆಟದ ಬಯಲು - ಹೀಗೆ ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ನೆಲದ ಮೇಲೆ ಕಟ್ಟಿದ ಊರು ಇದು. ನಾನೂ ಇದೇ ಊರಿನವನು. ಇಲ್ಲಿಯ ಬೀದಿಗಳಲ್ಲಿ ನಡೆದಾಡುತ್ತಲೇ ನನ್ನ ಆಯುಸ್ಸಿನ ಬಹುಭಾಗ ಕಳೆದಿದೆ. ಆದರೆ ನಡೆಯುವವನಿಗೆ ತನ್ನ ಬೀದಿ ಪೂರ್ತಿಯಾಗಿ ಕಾಣುವುದಿಲ್ಲವೆಂಬುದು ತಿಳಿದದ್ದು ಮಾತ್ರ ತೀರ ತಡವಾಗಿ. ಸೊಂಟದ ಮೂಳೆ ಮುರಿದುಕೊಂಡಿದ್ದ ನನ್ನ ತಾಯಿಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮೊದಲ ಸಲ ಉದ್ಯಾನದ ಕಡೆಗೆ ಹೊರಟ ದಿನ, ಮನೆಯಿಂದ ಅಲ್ಲಿಗೆ ಹನ್ನೊಂದು ಕಡೆ ಕುರ್ಚಿಯನ್ನು ಎತ್ತಿ ಇಳಿಸಬೇಕಾಯಿತು. ಮೂವತ್ತು ವರ್ಷ, ದಿನಕ್ಕೆರಡು ಬಾರಿ ನಾನು ನಡೆದ ಹಾದಿ ಅದು. ಆ ಹನ್ನೊಂದು ಏರುಗಳು ಅಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ಹನ್ನೊಂದನೆಯದರ ಬಳಿ ತಾಯಿಯವರು, "ಸಾಕು ಕಣೋ, ಮರ ಇಲ್ಲಿಂದಲೇ ಕಾಣುತ್ತದೆ" ಎಂದುಬಿಟ್ಟರು.

ನಾನು ಇಂದು ಹೇಳಹೊರಟಿರುವುದು ನನ್ನ ತಾಯಿಯವರ ಕತೆಯನ್ನಲ್ಲ. ಇದೇ ಬೆಂಗಳೂರಿನಲ್ಲಿ, ಇಂಥವೇ ಏರುಗಳ ನಡುವೆ, ಗಾಲಿಕುರ್ಚಿಯಲ್ಲಿ ಕುಳಿತೇ ಓಟವನ್ನೂ ಗುಂಡು ಎಸೆತವನ್ನೂ ಚಕ್ರ ಎಸೆತವನ್ನೂ ಈಟಿ ಎಸೆತವನ್ನೂ ಗೆದ್ದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ಕತೆ ಅದು. ಒಂದು ಆಟದಲ್ಲಿ ಮೇಲಾದವರು ನಮ್ಮಲ್ಲಿ ಅನೇಕರಿದ್ದಾರೆ. ಹಲವು ಆಟಗಳಲ್ಲಿ ಮೇಲಾದವರು ವಿರಳ. ಆ ವಿರಳರಲ್ಲಿಯೂ, ಯಾವ ಆಟಕ್ಕೂ ಒದಗದೆಂದು ಲೋಕ ತೀರ್ಪು ಕೊಟ್ಟಿದ್ದ ದೇಹವನ್ನು ಹಿಡಿದುಕೊಂಡು ಅಖಾಡಕ್ಕೆ ಇಳಿದವರ ಮಾತೇ ಬೇರೆ.

ಮೊದಲು ಶಬ್ದದ ಒಂದು ಜಿಜ್ಞಾಸೆಯನ್ನು ಮುಗಿಸಿಕೊಳ್ಳುತ್ತೇನೆ. ಇಂಥವರನ್ನು ಏನೆಂದು ಕರೆಯಬೇಕು? ಹಳೆಯ ಕನ್ನಡಕ್ಕೆ ಈ ಸಂಕೋಚವಿರಲಿಲ್ಲ. ಹೆಳವ ಎಂದಿತು, ಕುಂಟ ಎಂದಿತು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರ ಕುಲಕ್ಕೇ ಆ ಹೆಸರು ನಿಂತಿತು. ಅನಂತರ ಬಂದದ್ದು ಸರ್ಕಾರಿ ಕಾಗದದ 'ಅಂಗವಿಕಲ'. ಅದು ಒರಟೆನಿಸಿದ್ದರಿಂದ 'ವಿಕಲಚೇತನ' ಎಂಬುದನ್ನು ಹುಟ್ಟಿಸಿದರು. ಬಿಡಿಸಿ ನೋಡಿದರೆ ಇದು ಹಿಂದಿನದಕ್ಕಿಂತ ಅನ್ಯಾಯದ ಮಾತು. ಊನವಿರುವುದು ಕಾಲಿನಲ್ಲಿ, ಈ ಪದವೋ ಚೇತನವೇ ಊನವೆನ್ನುತ್ತದೆ! ಈಚೆಗೆ 'ವಿಶೇಷಚೇತನ', 'ದಿವ್ಯಾಂಗ' ಎಂಬ ಹೆಸರುಗಳೂ ಬಂದಿವೆ. ಜನಕನ ಸಭೆಗೆ ಹೋದ ಅಷ್ಟಾವಕ್ರನನ್ನು ಕಂಡು ಪಂಡಿತರು ನಕ್ಕಾಗ, ಆತ ಅವರಿಂದ ಬೇರೊಂದು ಬಿರುದನ್ನು ಬೇಡಲಿಲ್ಲ. ವಾದಕ್ಕೆ ಅವಕಾಶ ಕೇಳಿದ. ಮಾಲತಿಯವರು ಕೇಳಿದ್ದೂ ಅಂಥದೇ ಅವಕಾಶವಾದುದರಿಂದ ನಾನು ಅವರನ್ನು ಆಟಗಾರ್ತಿ ಎಂದೇ ಕರೆಯುತ್ತೇನೆ.

ಜಯನಗರಕ್ಕೆ ಅಡಿಗಲ್ಲು ಬೀಳುವುದಕ್ಕೆ ಕೆಲವೇ ವಾರಗಳ ಹಿಂದೆ, 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕೂಟ ಆರಂಭವಾಯಿತು. ಅದೇ ದಿನ ಅಲ್ಲಿಗೆ ಬಹಳ ದೂರವಲ್ಲದ ಸ್ಟೋಕ್ ಮ್ಯಾಂಡೆವಿಲ್ ಎಂಬ ಹಳ್ಳಿಯ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಹದಿನಾರು ಮಂದಿ, ಎಲ್ಲರೂ ಗಾಲಿಕುರ್ಚಿಯಲ್ಲಿ ಕುಳಿತು, ಬಿಲ್ಲುಗಾರಿಕೆಯ ಪಂದ್ಯವಾಡಿದರು. ಹದಿನಾಲ್ವರು ಗಂಡಸರು, ಇಬ್ಬರು ಹೆಂಗಸರು. ಪಂದ್ಯವನ್ನು ಏರ್ಪಡಿಸಿದವರು ಲುಡ್‌ವಿಗ್ ಗುಟ್‌ಮನ್ ಎಂಬ ವೈದ್ಯರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರನ್ನು ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂದಿತ್ತು. ಅದಕ್ಕೆ ಮುಂಚೆ ಅಂಥ ರೋಗಿಗಳು ಬದುಕುತ್ತಿದ್ದುದೇ ಕಡಮೆ. ಮಲಗಿದಲ್ಲೇ ಹುಣ್ಣಾಗಿ, ಮೂತ್ರಕೋಶಕ್ಕೆ ನಂಜೇರಿ, ಬಹುಮಂದಿ ಎರಡು ಮೂರು ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಗುಟ್‌ಮನ್ನರು ಅವರನ್ನು ಹೊತ್ತುಹೊತ್ತಿಗೆ ಮಗ್ಗುಲು ಮಗುಚಿಸಿದರು, ಎಬ್ಬಿಸಿ ಕೂರಿಸಿದರು. ಕುಳಿತವರ ಕೈಗೆ ಚೆಂಡನ್ನೂ ಬಿಲ್ಲನ್ನೂ ಕೊಟ್ಟರು. ಆಟ ಅಲ್ಲಿ ಔಷಧದ ಒಂದು ಅಂಗವಾಗಿ ಹುಟ್ಟಿತು. ಆಮೇಲೆ ಔಷಧ ಹಿಂದೆ ಸರಿದು ಆಟವೇ ಉಳಿಯಿತು. 1960ರಲ್ಲಿ ರೋಮಿಗೆ ಇಪ್ಪತ್ತಮೂರು ದೇಶಗಳಿಂದ ಸುಮಾರು ನಾನೂರು ಮಂದಿ ಬಂದರು. ಇಂದು ನಾವು ಪ್ಯಾರಾಲಿಂಪಿಕ್ಸ್ ಎನ್ನುವುದರ ಮೊದಲ ಕೂಟ ಅದೇ ಎಂದು ಎಣಿಕೆ.

ಭಾರತಕ್ಕೆ ಈ ಕೂಟದಲ್ಲಿ ಮೊದಲ ಚಿನ್ನ ತಂದವರು ನಮ್ಮ ಗಡಿಗೆ ತಾಗಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್. ಸೇನೆಯಲ್ಲಿ ಮುಷ್ಟಿಯುದ್ಧ ಆಡುತ್ತಿದ್ದವರು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. 1968ರಲ್ಲಿ ಟೆಲ್ ಅವೀವ್‌ನಲ್ಲಿ ಟೇಬಲ್ ಟೆನಿಸ್ ಆಡಿದರು, 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ 50 ಮೀಟರು ಈಜಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಈಟಿಯನ್ನೂ ಎಸೆದರು. ಒಂದು ಆಟ ಕೈಬಿಟ್ಟರೆ ಇನ್ನೊಂದನ್ನು ಹಿಡಿಯುವ ಈ ಸ್ವಭಾವ ಆ ಕಾಲದ ಇಂಥ ಆಟಗಾರರಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಪ್ರತಿಭೆ ಮಾತ್ರ ಕಾರಣವಲ್ಲ. ತಂಡಗಳು ಚಿಕ್ಕವು, ಹಣ ಕಡಮೆ. ಹೋದ ಒಬ್ಬನೇ ನಾಲ್ಕು ಕಡೆ ಹೆಸರು ಕೊಡಬೇಕು. ಪೇಟ್ಕರರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ನಲವತ್ತಾರು ವರ್ಷ ಕಳೆದ ಮೇಲೆ.

ಇನ್ನು ಮಾಲತಿಯವರ ಕಡೆಗೆ ಬರೋಣ. ಅವರು ಹುಟ್ಟಿದ್ದು 1958ರ ಜುಲೈ 6ರಂದು. ಹೊಳ್ಳ ಎಂಬ ಮನೆತನದ ಹೆಸರೇ ಕರಾವಳಿಯದು. ತಂದೆ ಚಿಕ್ಕದೊಂದು ಹೋಟೆಲು ನಡೆಸುತ್ತಿದ್ದರು. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದು, ಬೆಂಗಳೂರಿಗೆ ಇಡ್ಲಿ, ದೋಸೆ, ಕಾಫಿಯ ಸಂಸಾರವನ್ನು ಕಲಿಸಿದ ಆ ದೊಡ್ಡ ವಲಸೆಯ ಚರಿತ್ರೆಯನ್ನು ಇನ್ನೊಂದು ದಿನ ಹೇಳಬೇಕು. ನಾಲ್ಕು ಮಕ್ಕಳ ಮನೆ. ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೇ ಬಂದ ಒಂದು ಜ್ವರ ಮೈಯನ್ನೆಲ್ಲ ಸುಟ್ಟು, ಬಿಟ್ಟುಹೋಗುವಾಗ ಕೈಕಾಲುಗಳ ಚಲನೆಯನ್ನೂ ಒಯ್ದಿತು.

ಪೋಲಿಯೊ ಎಂದರೆ ಏನೆಂಬುದನ್ನು ಇಂದಿನ ಯುವಕರಿಗೆ ವಿವರಿಸಬೇಕಾಗಿದೆ. ಅದು ಸಂತೋಷದ ಸಂಗತಿಯೇ. ಬಾಯಿಯ ಮೂಲಕ ಹೊಟ್ಟೆಗಿಳಿಯುವ ಒಂದು ವೈರಸ್ಸು, ಹೆಚ್ಚಿನ ಮಕ್ಕಳಲ್ಲಿ ಏನೂ ಮಾಡದೆ ಹೊರಟುಹೋಗುತ್ತದೆ. ಎಲ್ಲೋ ಕೆಲವರಲ್ಲಿ ಮಾತ್ರ ಅದು ಬೆನ್ನುಹುರಿಗೆ ದಾಟಿ, ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳನ್ನು ಕೊಲ್ಲುತ್ತದೆ. ಆಜ್ಞೆ ಬಾರದ ಸ್ನಾಯು ಕ್ರಮೇಣ ಒಣಗುತ್ತದೆ. ಆದರೆ ಸ್ಪರ್ಶವನ್ನೂ ನೋವನ್ನೂ ಒಯ್ಯುವ ನರಗಳನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಪೋಲಿಯೊ ತಗಲಿದ ಕಾಲು ನಡೆಯಲಾರದು, ಆದರೆ ನೋಯಬಲ್ಲದು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಕಂಡ ದೇಹ ಮಾಲತಿಯವರದು. ಈ ಮಾತನ್ನು ಕೇಳುವಾಗ ಆ ವ್ಯತ್ಯಾಸ ನೆನಪಿರಬೇಕು.

ಇನ್ನೊಂದು ಮಾತನ್ನೂ ನೆನೆಯಬೇಕು. ಜೋನಾಸ್ ಸಾಕ್ ಎಂಬ ಅಮೆರಿಕದ ವಿಜ್ಞಾನಿಯ ಲಸಿಕೆ ಕೆಲಸ ಮಾಡುತ್ತದೆಂದು ಲೋಕಕ್ಕೆ ಸಾರಿದ್ದು 1955ರ ಏಪ್ರಿಲ್‌ನಲ್ಲಿ. ಮಾಲತಿಯವರು ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ನಮ್ಮ ದೇಶ ಪೋಲಿಯೊ ಹನಿಯನ್ನು ಮಕ್ಕಳ ಸಾಮಾನ್ಯ ಲಸಿಕೆಗಳ ಸಾಲಿಗೆ ಸೇರಿಸಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ವಿಧಿಯೆಂದು ನಾವು ಕೈತೊಳೆದುಕೊಳ್ಳುವ ಅನೇಕ ಸಂಗತಿಗಳು ಹೀಗೆಯೇ: ಔಷಧ ಲೋಕದಲ್ಲಿತ್ತು, ಮನೆಯ ಬಾಗಿಲಿಗೆ ಬಂದಿರಲಿಲ್ಲ.

ಎರಡು ವರ್ಷಕ್ಕೂ ಮಿಕ್ಕಿ ವಿದ್ಯುತ್ ಚಿಕಿತ್ಸೆ ನಡೆಯಿತು. ಮೇಲ್ಮೈಗೆ ಬಲ ಮರಳಿತು, ಸೊಂಟದ ಕೆಳಗೆ ಮರಳಲಿಲ್ಲ. ಮುಂದೆ ಮಗುವನ್ನು ಮದರಾಸಿನ ಅಸ್ಥಿಚಿಕಿತ್ಸಾ ಕೇಂದ್ರವೊಂದಕ್ಕೆ ಸೇರಿಸಿದರು. ಒಂದಲ್ಲ ಎರಡಲ್ಲ, ಹದಿನೈದು ವರ್ಷ ಅಲ್ಲಿಯ ವಾಸ. ತಾಯಿತಂದೆಯರು ಬೆಂಗಳೂರಿನಲ್ಲಿ, ಮಗಳು ಮದರಾಸಿನಲ್ಲಿ. ಮನೆಯೆಂದರೆ ರಜೆಯಲ್ಲಿ ಕಾಣುವ ಸ್ಥಳ. ಊರೆಂದರೆ ಸಾಲು ಮಂಚಗಳ ವಾರ್ಡು. ಒಂದು ಶಸ್ತ್ರಚಿಕಿತ್ಸೆಯ ಗಾಯ ಮಾಗುವ ಹೊತ್ತಿಗೆ ಇನ್ನೊಂದು. ಬಾಲ್ಯವೆಂಬುದು ಪ್ಲಾಸ್ಟರಿನ ಕಟ್ಟಿನೊಳಗೆ ಕಳೆಯಿತು.

ಹಿತ್ತಲಲ್ಲಿ ಮಾವಿನಹಣ್ಣು ಬಿದ್ದ ಸದ್ದಾದರೆ ಎಲ್ಲರಿಗಿಂತ ಮೊದಲು ಓಡಿಹೋಗಿ ಅದನ್ನು ಎತ್ತಿಕೊಳ್ಳಬೇಕೆಂಬ ಆಸೆ ಚಿಕ್ಕಂದಿನಲ್ಲಿ ತಮಗಿತ್ತೆಂದು ಮಾಲತಿಯವರು ಹೇಳಿಕೊಂಡಿದ್ದಾರೆ. ಹಕ್ಕಿಯಂತೆ ಹಾರಬೇಕೆಂದೂ ಆಸೆಯಿತ್ತಂತೆ. ಬೆಳೆಯುತ್ತ ಬಂದಂತೆ, ಓಡಲು ಕಾಲು ಬೇಕು, ಹಾರಲು ರೆಕ್ಕೆ ಬೇಕು ಎಂಬುದು ತಿಳಿಯಿತು. ಹಕ್ಕಿಯ ಆಸೆ ಕವಿಗಳಿಗೂ ಇರುತ್ತದೆ, ಅದನ್ನು ಬಿಡಿ. ನನ್ನ ಮನಸ್ಸಿನಲ್ಲಿ ನಿಂತದ್ದು ಆ ಮಾವಿನಹಣ್ಣು. ಹಣ್ಣು ತಿನ್ನುವುದಲ್ಲ ಅಲ್ಲಿಯ ಆಸೆ. ತಿನ್ನಲು ಯಾರಾದರೂ ತಂದುಕೊಡುತ್ತಿದ್ದರು. ಉಳಿದ ಮಕ್ಕಳಿಗಿಂತ ಮೊದಲು ಅಲ್ಲಿಗೆ ಮುಟ್ಟಬೇಕು ಎಂಬುದು ಆ ಮಗುವಿನ ಹಂಬಲ. ಅದು ಅಪ್ಪಟ ಆಟಗಾರ್ತಿಯ ಹಂಬಲ.

ಓದು ಮುಗಿಸಿ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು, ಮ್ಯಾನೇಜರ್ ಹುದ್ದೆಯವರೆಗೆ ಏರಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಈ ಉದ್ಯೋಗದ ಮಾತನ್ನು ಜೀವನಚರಿತ್ರೆಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ನನಗಾದರೋ ಇದೇ ಅಡಿಪಾಯವೆನಿಸುತ್ತದೆ. ನಮ್ಮ ನಾಡಿನ ಆಟದ ಚರಿತ್ರೆಯನ್ನು ಬರೆಯುವವನು ಬ್ಯಾಂಕುಗಳ ಸಂಬಳದ ಪುಸ್ತಕವನ್ನೂ ತೆರೆದು ನೋಡಬೇಕು. ಎಷ್ಟೊಂದು ಕ್ರಿಕೆಟಿಗರು, ಓಟಗಾರರು, ಕಬಡ್ಡಿಯವರು ಬ್ಯಾಂಕಿನ ಗುಮಾಸ್ತಗಿರಿಯ ಅನ್ನ ತಿಂದು ಆಡಿದರು! ಗಾಲಿಕುರ್ಚಿಯ ಹೆಣ್ಣುಮಗಳೊಬ್ಬಳಿಗೆ ತಿಂಗಳ ಸಂಬಳವೆಂದರೆ ಅನ್ನ ಮಾತ್ರವಲ್ಲ. ನನ್ನ ಪಾಡಿಗೆ ನಾನು ಹೋಗುತ್ತೇನೆ ಎನ್ನುವ ಅಧಿಕಾರ.

ಈಗ ಆಟ. ನಿಂತು ಈಟಿ ಎಸೆಯುವವನನ್ನು ನೀವು ನೋಡಿದ್ದೀರಿ. ದೂರದಿಂದ ಓಡಿಬರುತ್ತಾನೆ, ಕೊನೆಯ ಹೆಜ್ಜೆಗಳನ್ನು ಅಡ್ಡಡ್ಡ ಹಾಕುತ್ತಾನೆ, ಮುಂಗಾಲನ್ನು ನೆಲಕ್ಕೆ ಊರಿ ಗಕ್ಕನೆ ನಿಲ್ಲುತ್ತಾನೆ. ಓಡಿಬಂದ ವೇಗವೆಲ್ಲ ಆ ಕಾಲಿನಲ್ಲಿ ತಡೆದು, ಸೊಂಟಕ್ಕೆ ಏರಿ, ಸೊಂಟದ ತಿರುವಿನಿಂದ ಎದೆಗೆ, ಎದೆಯಿಂದ ತೋಳಿಗೆ, ತೋಳಿನಿಂದ ಬೆರಳ ತುದಿಗೆ ಹರಿದು ಈಟಿಯಾಗಿ ಹೊರಡುತ್ತದೆ. ತೋಳು ಕೊನೆಯ ಕೊಂಡಿ ಮಾತ್ರ. ಗುಂಡು ಎಸೆತದಲ್ಲೂ ಚಕ್ರ ಎಸೆತದಲ್ಲೂ ಇದೇ ನ್ಯಾಯ: ಬಲದ ಬೇರು ನೆಲದಲ್ಲಿ, ಕಾಲಿನಲ್ಲಿ.

ಕುಳಿತು ಎಸೆಯುವವರಿಗೆ ಈ ಸರಪಣಿಯ ಅರ್ಧವೇ ಇಲ್ಲ. ಕುರ್ಚಿಯನ್ನು ವರ್ತುಲದೊಳಗಿಟ್ಟು, ಕದಲದಂತೆ ನೆಲಕ್ಕೆ ಬಿಗಿದು ಕಟ್ಟುತ್ತಾರೆ. ಎಸೆಯುವವರನ್ನು ಪಟ್ಟಿಗಳಿಂದ ಕುರ್ಚಿಗೆ ಕಟ್ಟುತ್ತಾರೆ. ಎಸೆಯುವಾಗ ಆಸನದಿಂದ ಮೇಲೇಳಕೂಡದೆಂದು ನಿಯಮ. ಎದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ಓಡಿಬರುವ ವೇಗವಿಲ್ಲ, ಊರುವ ಕಾಲಿಲ್ಲ. ಇರುವುದು ಮುಂಡದ ತಿರುವು, ಭುಜ, ತೋಳು. ಕುರ್ಚಿ ಕಟ್ಟುವುದಕ್ಕೇ ಹೊತ್ತು ಹಿಡಿಯುವುದರಿಂದ ಉಳಿದ ಪಂದ್ಯಗಳಂತೆ ಒಬ್ಬೊಬ್ಬರು ಒಂದೊಂದು ಸಲ ಎಸೆಯುವ ಪದ್ಧತಿಯೂ ಇಲ್ಲ. ಒಬ್ಬರ ಸರದಿ ಬಂತೆಂದರೆ ಅವರ ಎಸೆತಗಳನ್ನೆಲ್ಲ ಒಂದರ ಹಿಂದೊಂದರಂತೆ ಎಸೆದು ಮುಗಿಸಬೇಕು. ದಣಿದ ತೋಳಿಗೆ ವಿಶ್ರಾಂತಿಯಿಲ್ಲ, ಎದುರಾಳಿಯ ಎಸೆತ ನೋಡಿಕೊಂಡು ತಾನು ಯೋಚಿಸುವ ಅನುಕೂಲವಿಲ್ಲ. ನೋಡುವವರಿಗೆ ಇದು ಮಂದಗತಿಯ ಆಟ. ಆಡುವವರಿಗೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಪರೀಕ್ಷೆ.

ಓಟದ ಗುಟ್ಟೂ ಬೇರೆಯೇ. ಗಾಲಿಯ ಹೊರಬದಿಯ ಬಳೆಯನ್ನು ಅಂಗೈಯಿಂದ ಹೊಡೆದು ಹೊಡೆದು ಕುರ್ಚಿಯನ್ನು ಓಡಿಸಬೇಕು. ನಿಂತ ಕುರ್ಚಿಯನ್ನು ಕದಲಿಸುವ ಮೊದಲ ಎರಡು ಮೂರು ಹೊಡೆತಗಳೇ ಕಷ್ಟ. ಇನ್ನು 200 ಮೀಟರಿನ ಓಟವೋ, ಅದರ ಮೊದಲರ್ಧ ಬಾಗಿನಲ್ಲಿರುತ್ತದೆ. ಬಾಗಿನಲ್ಲಿ ಓಡುವವನ ಕಾಲು ತಾನಾಗಿ ಓರೆಗೊಳ್ಳುತ್ತದೆ, ಕುರ್ಚಿ ನೆಟ್ಟಗೆ ಹೋಗುತ್ತದೆ. ಸಾದಾ ಕುರ್ಚಿಯನ್ನು ತಿರುಗಿಸಬೇಕಾದರೆ ಹೊರಗಡೆಯ ಗಾಲಿಗೆ ಒಂದಿಷ್ಟು ಹೆಚ್ಚು ಬಲ, ಒಳಗಡೆಯದಕ್ಕೆ ಒಂದಿಷ್ಟು ಕಡಮೆ. ವೇಗವನ್ನೂ ಕಳೆದುಕೊಳ್ಳದೆ, ಪಕ್ಕದ ಸಾಲಿಗೂ ನುಗ್ಗದೆ ಇದನ್ನು ಸಾಧಿಸಬೇಕು. ಓಟಕ್ಕೆ ಬೇಕಾದ್ದು ಬೇಗಬೇಗ ಮರುಕಳಿಸುವ ಹಗುರ ಬಲ. ಗುಂಡಿಗೆ ಬೇಕಾದ್ದು ಒಮ್ಮೆಗೇ ಸ್ಫೋಟಿಸುವ ಭಾರದ ಬಲ. ಕಾಲಿರುವ ಲೋಕದಲ್ಲಿ ಓಟಗಾರನೂ ಗುಂಡೆಸೆಯುವವನೂ ಬೇರೆ ಬೇರೆ ಮೈಕಟ್ಟಿನವರು. ಒಬ್ಬರ ಅಂಗಿ ಇನ್ನೊಬ್ಬರಿಗೆ ಹಿಡಿಸದು. ಮಾಲತಿಯವರು ಈ ಎರಡನ್ನೂ ಒಂದೇ ಜೊತೆ ಭುಜಗಳಿಂದ ಪಡೆದರು. 1989ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 200 ಮೀಟರ್ ಓಟ, ಗುಂಡು, ಚಕ್ರ, ಈಟಿ - ನಾಲ್ಕರಲ್ಲೂ ಚಿನ್ನ. ಆ ಭುಜಗಳೇ ದಿನದ ಉಳಿದ ಹೊತ್ತಿನಲ್ಲಿ ಅವರನ್ನು ಹಾಸಿಗೆಯಿಂದ ಕುರ್ಚಿಗೂ ಕುರ್ಚಿಯಿಂದ ಹಾಸಿಗೆಗೂ ದಾಟಿಸಬೇಕಾದ ಭುಜಗಳು ಎಂಬುದು ಪಂದ್ಯದ ವರದಿಗಳಲ್ಲಿ ಬರುವ ಮಾತಲ್ಲ.

ದಕ್ಷಿಣ ಕೊರಿಯ, ಬಾರ್ಸಿಲೋನಾ, ಬೀಜಿಂಗ್, ಆಸ್ಟ್ರೇಲಿಯ, ಇಂಗ್ಲೆಂಡ್, ಬೆಲ್ಜಿಯಂ ಮುಂತಾದ ಕಡೆಗಳಲ್ಲಿ ಅವರು ಭಾರತದ ಪರವಾಗಿ ಆಡಿದ್ದಾರೆ. 1995ರ ಸಾಲಿನ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಪತ್ರಕರ್ತ ಅನಂತಕೃಷ್ಣನ್ ಅವರು ಬರೆದ ಇಂಗ್ಲಿಷ್ ಜೀವನಚರಿತ್ರೆ 2009ರಲ್ಲಿ ಹೊರಬಂದಿತು.

ಪದಕಗಳ ಲೆಕ್ಕಕ್ಕೆ ಬಂದಾಗ ಚರಿತ್ರೆಯ ವಿದ್ಯಾರ್ಥಿಯಾದವನು ಸ್ವಲ್ಪ ನಿಲ್ಲಬೇಕು. 389 ಚಿನ್ನ, 27 ಬೆಳ್ಳಿ, 5 ಕಂಚು ಎಂಬುದು ಬಹಳ ಕಡೆ ಅಚ್ಚಾಗಿರುವ ಲೆಕ್ಕ. ಒಟ್ಟು 421. ಈ ಅಂಕಿಯನ್ನು ಹೇಳಿದೊಡನೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ನನಗೆ ಮಾತು ಅಲ್ಲಿಂದ ಶುರುವಾಗಬೇಕೆನಿಸುತ್ತದೆ. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಚಿನ್ನವೇ ಆಗಿ, ಬೆಳ್ಳಿ ಕಂಚುಗಳು ಇಷ್ಟು ಕಡಮೆಯಾದದ್ದು ಹೇಗೆ? ಇಂಥ ಕೂಟಗಳಲ್ಲಿ ದೇಹದಲ್ಲಿ ಉಳಿದಿರುವ ಶಕ್ತಿಯನ್ನು ವೈದ್ಯರು ಅಳೆದು ವರ್ಗಗಳನ್ನು ಮಾಡುತ್ತಾರೆ. ಅದು ನ್ಯಾಯವೇ, ಮುಂಡ ತಿರುಗುವವರನ್ನೂ ತಿರುಗದವರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಲಾಗದು. ಆದರೆ ವರ್ಗಗಳು ಹೆಚ್ಚಿದಂತೆ ಒಂದೊಂದರಲ್ಲಿ ಆಡುವವರು ಕಡಮೆಯಾಗುತ್ತಾರೆ. ಅದರಲ್ಲೂ ಎಂಬತ್ತರ ದಶಕದ ಭಾರತದಲ್ಲಿ ಗಾಲಿಕುರ್ಚಿಯ ಹೆಂಗಸರ ಪಂದ್ಯಕ್ಕೆ ಎಷ್ಟು ಮಂದಿ ಬರುತ್ತಿದ್ದಾರು? ಅಂಥ ಮಗಳನ್ನು ಕೋಣೆಯಿಂದ ಹೊರಗೆ ಕರೆತರಲೇ ಸಂಕೋಚಪಡುತ್ತಿದ್ದ ಸಮಾಜ ನಮ್ಮದು.

ಹೀಗೆ ಹೇಳುವುದರಿಂದ ಗೆಲವಿನ ತೂಕ ಇಳಿಯುತ್ತದೆಯೆಂದು ಯಾರೂ ಭಾವಿಸಬಾರದು. ಆ 389 ಎಂಬ ಅಂಕಿಯಲ್ಲಿ ಎರಡು ಚರಿತ್ರೆಗಳಿವೆ. ಒಂದು, ಬಂದವರ ಸಾಮರ್ಥ್ಯದ್ದು. ಇನ್ನೊಂದು, ಬರಲಾರದೆ ಹೋದವರದು. ಎದುರಾಳಿಗಳಿದ್ದಿದ್ದರೆ ಪದಕ ಕಡಮೆಯಾಗುತ್ತಿತ್ತೇನೋ, ದೂರ ಹೆಚ್ಚುತ್ತಿತ್ತು. ಪಕ್ಕದಲ್ಲಿ ಎಸೆಯುವವರಿದ್ದಾಗ ಈಟಿ ಇನ್ನೂ ಒಂದು ಗೇಣು ಮುಂದೆ ಹೋಗುವುದು ಆಟದ ಧರ್ಮ. ಪ್ಯಾರಾಲಿಂಪಿಕ್ಸಿನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆ ದೀಪಾ ಮಲಿಕ್. 2016ರಲ್ಲಿ, ರಿಯೋ ನಗರದಲ್ಲಿ, ಗುಂಡು ಎಸೆತದಲ್ಲಿ ಬೆಳ್ಳಿ. ಎಂದಮೇಲೆ ಮಾಲತಿಯವರ ಆ ದೊಡ್ಡ ರಾಶಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೂಟದ ಪದಕವಿಲ್ಲವೆಂದೇ ಅರ್ಥವಷ್ಟೆ. ತರಬೇತುದಾರ, ಓಟದ ಕುರ್ಚಿ, ವಿದೇಶ ಪ್ರಯಾಣದ ಖರ್ಚು ಎಂಬ ಮೂರು ಮಾತುಗಳಿಗೂ ಉತ್ತರ ಹುಡುಕಿಕೊಂಡು ಅಲೆಯಬೇಕಾಗಿದ್ದ ಕಾಲದ ಆಟಗಾರ್ತಿ ಅವರು. ಹುಟ್ಟಿದ ವರ್ಷ ಇಪ್ಪತ್ತೈದು ಮುಂದಾಗಿದ್ದರೆ ಎಂದು ಒಮ್ಮೊಮ್ಮೆ ಎನಿಸುತ್ತದೆ. ಆದರೆ ಆಗ ಪೋಲಿಯೊ ಹನಿಯೂ ಸಿಗುತ್ತಿತ್ತಲ್ಲವೆ!

ಹಲವು ಆಟಗಳನ್ನು ಹಿಡಿದವರಲ್ಲಿ ಈ ನಗರದ ಇನ್ನಿಬ್ಬರನ್ನು ಹೆಸರಿಸದಿದ್ದರೆ ನನ್ನ ಮಾತು ಕುಂಟುತ್ತದೆ. ಬೋನಿಫೇಸ್ ಪ್ರಭು ಅವರು 1972ರಲ್ಲಿ ಹುಟ್ಟಿದವರು. ನಾಲ್ಕನೆಯ ವಯಸ್ಸಿನಲ್ಲಿ, ಬೆನ್ನುಹುರಿಯ ನೀರು ತೆಗೆಯುವಾಗ ಆದ ತಪ್ಪಿನಿಂದ ಕೈಕಾಲು ನಾಲ್ಕರ ಬಲವೂ ಕುಂದಿತು. ಎಸೆತದ ಪಂದ್ಯಗಳಿಂದ ಆರಂಭಿಸಿ, ಕೊನೆಗೆ ಗಾಲಿಕುರ್ಚಿ ಟೆನಿಸಿನಲ್ಲಿ ನೆಲೆನಿಂತರು. ಆ ಟೆನಿಸಿನಲ್ಲಿ ಚೆಂಡು ಎರಡು ಸಲ ನೆಲ ಮುಟ್ಟಬಹುದು ಎಂಬ ಒಂದೇ ರಿಯಾಯಿತಿ. ಅಂಕಣ ಅಷ್ಟೇ ಅಗಲ, ಬಲೆ ಅಷ್ಟೇ ಎತ್ತರ. 1998ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪದಕ ಗಳಿಸಿದರು. 2014ರಲ್ಲಿ ಪದ್ಮಶ್ರೀ ಬಂತು.

ಕೆ. ವೈ. ವೆಂಕಟೇಶ್ ಅವರದು ಮತ್ತೊಂದು ಬಗೆ. ಹುಟ್ಟಿನಿಂದ ಬಂದ ಕುಬ್ಜತೆ. ನಾಲ್ಕು ಅಡಿ ಎರಡು ಅಂಗುಲ ಎತ್ತರ. 1994ರಲ್ಲಿ ಬರ್ಲಿನ್ನಿನ ಅಥ್ಲೆಟಿಕ್ಸ್ ಕೂಟಕ್ಕೆ ಹೋದರು. 2005ರಲ್ಲಿ ಕುಬ್ಜರ ನಾಲ್ಕನೆಯ ವಿಶ್ವ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದು ದಾಖಲೆಯ ಪುಸ್ತಕ ಸೇರಿದರು. ಗುಂಡು ಎಸೆತದಿಂದ ಬ್ಯಾಡ್ಮಿಂಟನ್ನಿನವರೆಗೆ ಅವರ ಕೈಯಾಡದ ಆಟ ಕಡಮೆ. ಇಲ್ಲಿ ಒಂದು ಸ್ವಾರಸ್ಯವಿದೆ. ಅಂಗವಿಕಲರ ಹಕ್ಕುಗಳಿಗಾಗಿ ನಮ್ಮ ದೇಶ ಮಾಡಿದ 1995ರ ಕಾಯಿದೆ ಏಳು ಬಗೆಯ ಊನಗಳನ್ನಷ್ಟೇ ಎಣಿಸಿತ್ತು. ಕುಬ್ಜತೆಯನ್ನು ಅದು ಹೆಸರೆತ್ತಿ ಹೇಳಿರಲಿಲ್ಲ. ಆ ಹೆಸರು ಪಟ್ಟಿಗೆ ಬಂದದ್ದು 2016ರ ಕಾಯಿದೆಯಲ್ಲಿ. ಲೋಕದ ಪಟ್ಟಿಯಲ್ಲಿ ವೆಂಕಟೇಶರ ಹೆಸರು ಬಂದ ಹನ್ನೊಂದು ವರ್ಷದ ಮೇಲೆ ಕಾನೂನಿನ ಪಟ್ಟಿಯಲ್ಲಿ ಅವರ ಎತ್ತರಕ್ಕೆ ಜಾಗ ಸಿಕ್ಕಿತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರದಾನವಾದಾಗ, ವೆಂಕಟೇಶರಿಗೆ ವೇದಿಕೆ ಹತ್ತುವುದು ಕಷ್ಟವಾಗಬಾರದೆಂದು ರಾಷ್ಟ್ರಪತಿ ರಾಮನಾಥ ಕೋವಿಂದರು ತಾವೇ ಕೆಳಗಿಳಿದು ಬಂದು ಪದಕವನ್ನಿತ್ತರು. ಆ ಚಿತ್ರವನ್ನು ನೋಡಿದಾಗ ನನಗೆ ನಮ್ಮ ಬೀದಿಯ ಹನ್ನೊಂದು ಏರುಗಳು ನೆನಪಾದವು. ಎಲ್ಲರ ಬಾಳಿನಲ್ಲೂ ಮೆಟ್ಟಿಲಿಳಿದು ಬರಲು ರಾಷ್ಟ್ರಪತಿಗಳಿರುವುದಿಲ್ಲ. ಕಲ್ಲುಗೆಲಸದವನು ಒಂದು ಇಳಿಜಾರು ಮಾಡಿಟ್ಟರೆ ಸಾಕಾಗುತ್ತದೆ.

ಮಾಲತಿಯವರಿಗೆ ಅರ್ಜುನ ಪ್ರಶಸ್ತಿಯ ವರ್ಷವಾದ 1995ರಲ್ಲೇ ಆ ಮೊದಲ ಕಾಯಿದೆ ಸಂಸತ್ತಿನಲ್ಲಿ ಬಂತು. ದೇಶದಾದ್ಯಂತ ಪಲ್ಸ್ ಪೋಲಿಯೊ ಕಾರ್ಯಕ್ರಮ ಶುರುವಾದದ್ದೂ ಅದೇ ವರ್ಷ. ಭಾನುವಾರಗಳಂದು ಶಾಲೆಯ ಜಗಲಿಯಲ್ಲಿ, ಬಸ್ ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಕುಳಿತು, ಮಕ್ಕಳ ಬಾಯಿಗೆ ಎರಡು ಹನಿ ಬಿಟ್ಟು ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದುದು ನಿಮಗೆ ನೆನಪಿರಬಹುದು. 2011ರ ಜನವರಿ 13ರಂದು ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡದ್ದೇ ಈ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪೋಲಿಯೊದಿಂದ ಕುಳಿತ ಆಟಗಾರರ ಪೀಳಿಗೆ ಇನ್ನು ಮುಂದೆ ಇಲ್ಲಿ ಹುಟ್ಟುವುದಿಲ್ಲ. ಒಂದು ಪರಂಪರೆ ಮುಗಿಯಿತೆಂದು ಹರ್ಷಪಡಬೇಕಾದ ಸಂದರ್ಭಗಳು ಚರಿತ್ರೆಯಲ್ಲಿ ಅಪರೂಪ.

ಆದರೆ ಹನಿ ಊರೂರಿಗೆ ಮುಟ್ಟುವ ಮೊದಲು ಹುಟ್ಟಿದ ಮಕ್ಕಳು ಇದ್ದರಲ್ಲ, ಹಳ್ಳಿಗಳಲ್ಲಿ, ಚಿಕಿತ್ಸೆಗೂ ಶಾಲೆಗೂ ಹಣವಿಲ್ಲದ ಮನೆಗಳಲ್ಲಿ. ಅಂಥವರಿಗಾಗಿ ಮಾಲತಿಯವರು ಗೆಳೆಯರನ್ನು ಕೂಡಿಕೊಂಡು ಬೆಂಗಳೂರಿನಲ್ಲಿ ಮಾತೃ ಪ್ರತಿಷ್ಠಾನ ಎಂಬ ಸಂಸ್ಥೆಯನ್ನು ಕಟ್ಟಿದರು. ಹದಿನಾರು ಮಕ್ಕಳಿಗೆ ಅಲ್ಲಿ ಆಶ್ರಯವಿದ್ದುದನ್ನು ಪತ್ರಿಕೆಗಳು ಬರೆದಿವೆ; ಊಟ, ವಸತಿ, ಶಾಲೆ, ಬೇಕಾದವರಿಗೆ ಶಸ್ತ್ರಚಿಕಿತ್ಸೆ. ಹದಿನೈದು ವರ್ಷ ಆಸ್ಪತ್ರೆಯ ಮಂಚವನ್ನೇ ಮನೆಯಾಗಿ ಕಂಡವರು ಕಟ್ಟಿದ್ದು ಆಸ್ಪತ್ರೆಯನ್ನಲ್ಲ, ಕ್ರೀಡಾಂಗಣವನ್ನೂ ಅಲ್ಲ. ಮಕ್ಕಳು ಶಾಲೆಗೆ ಹೋಗಿ ಸಂಜೆ ಹಿಂತಿರುಗಿ ಬರುವ ಒಂದು ಮನೆಯನ್ನು.